ಮೂವತ್ತೇಳು ಬಂದ್

"ಇದು ಫ್ಯಾಕ್ಟ್ರಿ ಅದನೋ, ನಿಮ್ಮಪ್ಪನ ಎಸ್‌ಟಿಡಿ ಬೂತ್ ಅದನೋ? ಮಾತಾಡಬೇ! ಮುಂಜಾನಿಂದ ಸಂಜೀತನ ವಟವಟ ಅಂತಿದ್ದಿ, ಈಗ ಯಾಕ ಬಾಯಿ ಹೊಲ್ಕೊಂಡಿ?"

ಮ್ಯಾನೇಜರ್ ಸಿದ್ದರಾಮೇಶ ಸಾಹೇಬ ಕಾಗದದ ಸುರುಳಿಯನ್ನು ಫೋನ್ ಆಪರೇಟರ್ ಖುರ್ಷಿದಳ ಮುಖಕ್ಕೇ ಎಸೆದ. ಅದು ಅವಳ ಮೂಗಿಗೆ ಬಡಿದು, ಮೇಜಿನ ಮೇಲೆ ಬಿದ್ದು, ಅಲ್ಲಿಂದ ಉರುಳಿ ನೆಲದಗುಂಟ ಬಿಚ್ಚಿಕೊಳ್ಳುತ್ತ ಬಾಗಿಲವರೆಗೆ ಹೋಯಿತು. ಖುರ್ಷಿದ ಬಗ್ಗಿ ಅದನ್ನು ಸುತ್ತತೊಡಗಿದಳು. ಬಗ್ಗಿದರೆ ಮುಖ ಕಾಣುವುದಿಲ್ಲ, ಅದೊಂದು ಅನುಕೂಲ.

ಭೀಮಾ ದಂಡೆಯ ಆ ಸಕ್ಕರೆ ಕಾರ್ಖಾನೆಯಲ್ಲಿ ನಲವತ್ತೆಂಟು ಫೋನುಗಳಿದ್ದವು. ಆ ನಲವತ್ತೆಂಟರ ತಂತಿಯೂ ಖುರ್ಷಿದ ಕೂರುವ ಈ ಸಣ್ಣ ಖೋಲಿಗೇ ಬಂದು, ಗೋಡೆಗೆ ಬಡಿದ ಬೂದು ಬಣ್ಣದ ಡಬ್ಬಿಯೊಳಗೆ ಸೇರುತ್ತಿದ್ದವು. ಯಾವ ಫೋನಿನಿಂದ ಯಾರು ಯಾವ ನಂಬರಿಗೆ ಎಷ್ಟು ಹೊತ್ತಿಗೆ ಒತ್ತಿದರು ಎಂಬುದನ್ನೆಲ್ಲ ಪಕ್ಕದ ಹಳೇ ಪ್ರಿಂಟರು ಕರ್‌ಕರ್ ಎಂದು ಕಾಗದಕ್ಕೆ ಇಳಿಸುತ್ತಿತ್ತು. ಆ ಕಾಗದದಲ್ಲಿ ಈಗ ಒಂದು ಸಾಲಿಗೆ ಕೆಂಪು ಪೆನ್ನಿನ ಗುಂಡು ಬಿದ್ದಿತ್ತು. ಮೂವತ್ತೇಳನೇ ಫೋನು. ಒತ್ತಿದ್ದು ನೂರಾ ಎಂಟಕ್ಕೆ.

"ಯಾರು ಹೊಡದ್ರು ಇದನ್ನ?"

"ಗೊತ್ತಿಲ್ರಿ ಸಾಹೇಬ್ರ."

"ಎಲ್ಲಾರ ಕೆಮ್ಮಿನ ಸಪ್ಪಳಾನೂ ಗುರ್ತು ಹಿಡಿಯಾಕಿ ನೀ. ಗೊತ್ತಿಲ್ಲಂತ."

ಗೊತ್ತಿತ್ತು. ಒತ್ತಿದವನು ಇಜೇರಿಯ ದಶರಥ. ಮೂರು ವಾರದ ಹಿಂದೆ ಕಸ ಹೊಡೆಯುವ ರುಕ್ಮಿಣಿಬಾಯಿಯ ಕಾಲ ಮೇಲೆ ಕುದಿಯುವ ಕಾಕಂಬಿ ಚೆಲ್ಲಿದಾಗ, ಅವನೇ ಮುದುಕಿಯನ್ನು ಹೆಗಲ ಮೇಲೆ ಹೊತ್ತು ತಂದು, ಇನ್ನೊಂದು ಕೈಯಲ್ಲಿ ಗೋಡೆಯ ಫೋನು ಹಿಡಿದಿದ್ದ. ಸರಕಾರಿ ಆಂಬುಲೆನ್ಸ್ ಬಂತು. ಅಫಜಲಪುರದ ದವಾಖಾನೆಯಲ್ಲಿ 'ಕಾರ್ಖಾನೆಯಲ್ಲಿ ಸುಟ್ಟದ್ದು' ಎಂದು ಬರೆದರು. ಬರೆದದ್ದು ಮೇಲಿನವರ ಕಣ್ಣಿಗೆ ಬಿತ್ತು. ಇಬ್ಬರು ಅಧಿಕಾರಿಗಳು ಜೀಪಿನಲ್ಲಿ ಬಂದು ಒಂದು ದಿನಪೂರ್ತಿ ಇದ್ದು ಹೋದರು.

"ಅವರ ಮುಂದ ನಾ ಕೈ ಕಟ್ಕೊಂಡು ನಿಂತೆ. ಯಾರ ಸಲುವಾಗಿ? ಕಸ ಹೊಡಿಯೋ ಮುದುಕಿ ಕಾಲಿನ ಸಲುವಾಗಿ!"

"ಚಪ್ಪಲಿ ತಗದ್ರ ತೊಗಲೂ ಜೋಡಿ ಬಂತ್ರಿ ಸಾಹೇಬ್ರ."

"ಬರ್ಲಿ! ನಮ್ಮ ಗಾಡಿ ಇಲ್ಲೇನು, ನಮ್ಮ ಡಾಕ್ಟರ್ ಇಲ್ಲೇನು? ಟೈಮ್ ಆಫೀಸಿಗಿ ಇಪ್ಪತ್ತು ಹೊಡದ್ರ ಗುರುಲಿಂಗ ಗಾಡಿ ಕಳಸ್ತಾನ. ಒಳಗಿನ ಮಾತು ಒಳಗ ಇರ್ಬೇಕು. ಈ ಕೇರಿ ಮಂದೀಗಿ ಕೈಯಾಗ ಫೋನ್ ಕೊಟ್ರ ಹಿಂಗ. ಕೇಳಿಲ್ಲಿ, ಹನ್ನೆರಡು ಸಾಹೇಬ್ರ ಫೋನ್, ನಿನ್ನ ಆಪರೇಟರ್ ಫೋನ್ ಬಿಟ್ಟು ಉಳದದ್ದೆಲ್ಲಾ ಹೊರಗ ಹೋಗಬಾರ್ದು. ಇವತ್ತ ಬಂದ್ ಮಾಡು."

"ನೂರಾ ಎಂಟರೆ ಇರ್ಲಿರಿ—"

"ಬಂದ್ ಅಂದ್ರ ಬಂದ್. ನಿನಗ ಉರ್ದುದಾಗ ಹೇಳ್ಬೇಕೇನು?"

*

ಇಷ್ಟಕ್ಕೂ ಮೂವತ್ತೇಳನೇ ಫೋನಿಗೆ ಏನು ಅಂಥ ಮಹತ್ವ ಎಂದರೆ, ಕೂಲಿಯವರ ಮೊಬೈಲುಗಳೆಲ್ಲ ಗೇಟಿನ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಸ್ಪಿರಿಟ್ ತೆಗೆಯುವ ಘಟಕದಲ್ಲಿ ಕಿಡಿ ಹಾರಿದರೆ ಊರೇ ಸುಟ್ಟೀತು ಎಂದು ಕಾರಣ ಹೇಳಿ ಇಸಿದುಕೊಳ್ಳುತ್ತಿದ್ದರು. ಸಾಹೇಬರ ಮೊಬೈಲಿನಿಂದ ಕಿಡಿ ಹಾರುತ್ತಿರಲಿಲ್ಲವೆಂದು ಕಾಣುತ್ತದೆ, ಅವು ಅವರವರ ಜೇಬಿನಲ್ಲೇ ಇರುತ್ತಿದ್ದವು. ಪೆಟ್ಟಿಗೆ ಕಾಯುವವನು ಖುರ್ಷಿದಳ ಅಪ್ಪ ಹಸನಸಾಬ. ಮಣ್ಣೂರಿನಿಂದ ಅಪ್ಪ ಮಗಳು ಒಂದೇ ಸೈಕಲ್ ಮೋಟಾರಿನ ಮೇಲೆ ಬರುತ್ತಿದ್ದರು. ಅವನು ಗೇಟಿನ ಹತ್ತಿರ ಇಳಿದು ಮೊಬೈಲುಗಳಿಗೆ ಚೀಟಿ ಕಟ್ಟುತ್ತ ಕೂತರೆ, ಅವಳು ಒಳಗೆ ಬಂದು ಫೋನಿನ ಮುಂದೆ ಕೂರುತ್ತಿದ್ದಳು. ಇಬ್ಬರೂ ಗುತ್ತಿಗೆಯವರು. ವರ್ಷಕ್ಕೊಮ್ಮೆ ಸಿದ್ದರಾಮೇಶ ಸಾಹೇಬ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸ್ಪಿರಿಟ್ ಘಟಕದ ಹಿಂದೆ, ಕೊಳೆನೀರಿನ ತೊಟ್ಟಿಯ ಪಕ್ಕದ ಗೋಡೆಗೆ ತಗಡಿನ ಮಾಡಿನ ಕೆಳಗೆ ನೇತುಹಾಕಿದ್ದ ಫೋನೇ ಮೂವತ್ತೇಳು. ತೊಟ್ಟಿಯಿಂದ ಆಫೀಸಿಗೆ ನಡೆದರೆ ಹದಿನೈದು ನಿಮಿಷದ ಹಾದಿ. ಮಧ್ಯಾಹ್ನ ಒಂದು ಗಂಟೆಗೆ ಆ ಫೋನಿನ ಮುಂದೆ ಸಾಲು ನಿಲ್ಲುತ್ತಿತ್ತು. ಹೆಣ್ಣುಮಕ್ಕಳು ಮೊದಲು, ದೂರದೂರಿನವರು ಆಮೇಲೆ, ಹತ್ತಿರದವರು ಕಡೆಗೆ. ಒಬ್ಬೊಬ್ಬರಿಗೆ ಅರ್ಧ ನಿಮಿಷ. ಯಾರು ಮಾಡಿದ ಕಟ್ಟಳೆಯೋ, ಯಾರೂ ಮುರಿಯುತ್ತಿರಲಿಲ್ಲ.

ಜಿಡಗಾದ ದೇವೀಂದ್ರಪ್ಪ ಪ್ರತಿದಿನ "ಎಮ್ಮಿ ಹಿಂಡಗೊಟ್ಟಿತೇನು?" ಎಂದಷ್ಟೇ ಕೇಳಿ ಇಡುತ್ತಿದ್ದ. ದಶರಥನದು ಇನ್ನೂ ಸಣ್ಣದು. "ಉಂಡೆ. ನೀ ಉಣ್ಣು." ಇಜೇರಿಯಲ್ಲಿ ಯಾರದೋ ಹೊಲದ ಬದುವಿನ ಮೇಲೆ ಅವನ ಹೆಂಡತಿ ಮಧುಮತಿ ಸೆರಗಿನ ಗಂಟಿನಿಂದ ಮೊಬೈಲು ತೆಗೆದು ಅದನ್ನು ಕೇಳಿ, ಆಮೇಲೆ ಬುತ್ತಿ ಬಿಚ್ಚುತ್ತಿದ್ದಳು. ಅವನು ಉಂಡೆ ಎನ್ನುವ ತನಕ ಅವಳು ಬುತ್ತಿಯ ಗಂಟಿಗೆ ಕೈ ಹಚ್ಚುತ್ತಿರಲಿಲ್ಲ. ಮದುವೆಯಾದ ವರ್ಷ ಅವನು ಸಿಟ್ಟಿನಿಂದ ಬುತ್ತಿ ಬಿಟ್ಟು ಹೋಗಿ ಹೊಲದಲ್ಲಿ ತಲೆ ತಿರುಗಿ ಬಿದ್ದಿದ್ದನಂತೆ. ಅಂದಿನಿಂದ ಅದು ಅವರ ಮನೆಯ ನೇಮ. ಇದೆಲ್ಲ ಖುರ್ಷಿದಳಿಗೆ ಹೇಗೆ ಗೊತ್ತು ಎಂದರೆ, ದಶರಥ ಹೇಳದೆ ಬಿಟ್ಟ ಸುದ್ದಿಯೇ ಇರಲಿಲ್ಲ. ಆಪರೇಟರ್ ನಂಬರು ಒಂಬತ್ತು. ಕೆಲಸವಿರಲಿ ಬಿಡಲಿ ಅವನದೊಂದು ಕರೆ ಒಂಬತ್ತಕ್ಕೆ ಬಂದೇ ಬರುತ್ತಿತ್ತು.

"ಜೈಭೀಮ್ ಖುರ್ಷಿದಕ್ಕ."

"ಸಲಾಂ ದಶರಥಣ್ಣ. ಏನ್ ನಾತ ಬರಾಕತ್ತದಲ್ಲೋ ಫೋನಿನಾಗಿಂದ!"

"ನಮ್ಮ ಅತ್ತರ್ ಅಕ್ಕ. ಪರದೇಶದ್ದು. ಸಾಹೇಬ್ರಿಗಿ ಹಚ್ಕೊಳ್ರಿ ಅಂದ್ರ ಮೂಗು ಮುಚ್ಕೋತಾರ."

ಹೀಗೆ.

*

ಖುರ್ಷಿದಳಿಗೆ ಈ ಡಬ್ಬಿಯ ವಿದ್ಯೆ ಯಾರೂ ಶಾಲೆಯಲ್ಲಿ ಕಲಿಸಿದ್ದಲ್ಲ. ಕಲಬುರಗಿಯ ಫೋನ್ ಮೆಕ್ಯಾನಿಕ್ ಇಮ್ರಾನ ಪ್ರತಿ ಸಲ ಬರಲು ಬೇಸರಪಟ್ಟು, ಫೋನಿನಲ್ಲೇ "ಇದು ಒತ್ತು, ಅದು ಒತ್ತು" ಎಂದು ಹೇಳಿಕೊಟ್ಟದ್ದನ್ನು ಅವಳು ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟುಕೊಂಡಿದ್ದಳು. ನಾಲ್ಕು ಅಂಕಿಯ ಗುಟ್ಟಿನ ನಂಬರು ಒತ್ತಿದರೆ ಡಬ್ಬಿ ಬಾಯಿ ಬಿಡುತ್ತದೆ. ಫೋನಿನ ನಂಬರು ಒತ್ತಬೇಕು, ಅದರ ಮುಂದೆ ದರ್ಜೆ ಒತ್ತಬೇಕು. ಒಂದನೇ ದರ್ಜೆಗೆ ಎಲ್ಲಾ ಕಡೆ ಮುಕ್ತ. ಮೂರನೇ ದರ್ಜೆಗೆ ಒಳಗೊಳಗೇ ಮಾತು, ಹೊರಗಿಲ್ಲ. ಸರಿಯಾದರೆ 'ಟುಂಯ್' ಎಂದು ಒಂದು ಸಪ್ಪಳ.

ಇಪ್ಪತ್ತೆರಡು, ಕಬ್ಬು ತೂಗುವ ಕಾಟಾ. ಟುಂಯ್. ಮೂವತ್ತೊಂದು, ಬಾಯ್ಲರು, ಅಲ್ಲಿನವನದು ಸದಾ ಕಿರುಚು ದನಿ. ಟುಂಯ್. ಮೂವತ್ನಾಲ್ಕು, ಕ್ಯಾಂಟೀನು. ಟುಂಯ್. ಒಂದೊಂದು ನಂಬರಿಗೂ ಒಂದೊಂದು ಗಂಟಲಿತ್ತು. ಮೂವತ್ತೇಳು ಬಂದಾಗ ಅವಳ ಬೆರಳು ನಿಂತಿತು. ಬಾಗಿಲಲ್ಲಿ ಸಾಹೇಬ ನಿಂತಿದ್ದ. ಒತ್ತಿದಳು. ಟುಂಯ್.

ಆದರೆ ಒಂದು ಕಿಂಡಿ ಉಳಿದಿತ್ತು. ಮೂರನೇ ದರ್ಜೆಯವರಿಗೂ ಹೋಗುವ ಮೂರು ನಂಬರುಗಳ ಪಟ್ಟಿಯೊಂದನ್ನು ಇಮ್ರಾನ ಮೊದಲೇ ಡಬ್ಬಿಯೊಳಗೆ ತುಂಬಿಸಿದ್ದ: ಆಂಬುಲೆನ್ಸು, ಪೊಲೀಸು, ಬೆಂಕಿ. "ಯೇ ಲಿಸ್ಟ್ ಕೂ ಹಾತ್ ನಕ್ಕೋ ಲಗಾವ್ ಆಪಾ," ಅದಕ್ಕೆ ಮಾತ್ರ ಕೈ ಹಚ್ಚಬೇಡ ಎಂದಿದ್ದ. ಸಾಹೇಬನಿಗೆ ಆ ಪಟ್ಟಿಯ ಸುದ್ದಿ ಗೊತ್ತಿರಲಿಲ್ಲ. ಖುರ್ಷಿದ ಹೇಳಲಿಲ್ಲ. "ಆಯ್ತ್ರಿ ಸಾಹೇಬ್ರ," ಎಂದು ಕ್ಯಾಲೆಂಡರು ಮಡಚಿದಳು.

ಅರ್ಧ ಗಂಟೆಯಲ್ಲಿ ಒಂಬತ್ತನೇ ಫೋನು ಬಡಿಯಿತು. ಎತ್ತಿದರೆ ಸಾಹೇಬ. ಮೂವತ್ತೇಳರಿಂದ.

"ಹಲ್ಕಟ್ ಬೋಳಿ, ನೂರಾ ಎಂಟು ಹೊಡದೆ. ಯಾವಾಕಿನೋ ಎತ್ತಿ 'ನಮಸ್ಕಾರ, ಏನ್ ತೊಂದ್ರಿ' ಅಂದ್ಲು. ನಂದೇ ಫ್ಯಾಕ್ಟ್ರಿದಾಗ ನನಗ ಟೋಪಿ ಹಾಕ್ತಿ? ಮುದುಕಪ್ಪನ್ನ ಕರ್ಕೊಂಡು ಇವತ್ತೇ ಮಣ್ಣೂರ ಹಾದಿ ಹಿಡೀತಿ, ಏನ್ ಆ ನಂಬರ್ ತಗೀತಿ?"

ಕಿಟಕಿಯಿಂದ ಗೇಟು ಕಾಣುತ್ತಿತ್ತು. ಹಸನಸಾಬ ಬಿಸಿಲಿಗೆ ತಲೆಯ ಮೇಲೆ ಟವೆಲು ಹಾಕಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಯಾರದೋ ಮೊಬೈಲಿಗೆ ದಾರದಿಂದ ಚೀಟಿ ಕಟ್ಟುತ್ತಿದ್ದ.

ಖುರ್ಷಿದ ಗುಟ್ಟಿನ ನಂಬರು ಒತ್ತಿದಳು. ಪಟ್ಟಿ ತೆರೆದಳು. ಒಂದು ಅಳಿಸಿದಳು, ಎರಡು ಅಳಿಸಿದಳು, ಮೂರು ಅಳಿಸಿದಳು. ಟುಂಯ್, ಟುಂಯ್, ಟುಂಯ್.

ಆಚೆಯಿಂದ ಸಾಹೇಬ ಮತ್ತೊಮ್ಮೆ ಒತ್ತಿ ನೋಡಿದ. ಪ್ರಿಂಟರು ಕರ್ ಎಂದಿತು. *37, 108*, ಕೊನೆಗೆ ಒಂದು ನಕ್ಷತ್ರ. ಡಬ್ಬಿ ತಡೆದ ಕರೆಗೆ ಅದು ಹಾಕುವ ಗುರುತು.

*

ಮರುದಿನ ಒಂದು ಗಂಟೆಗೆ ಸಾಲಾಗಿ ನಕ್ಷತ್ರಗಳು ಬಿದ್ದವು. ಕೂಲಿಯವರಿಗೆ ಒಂದು ರೂಢಿ ಇತ್ತು. ಹೊರಗೆ ಹೋಗಲು ಮೊದಲು ಸೊನ್ನೆ ಒತ್ತಬೇಕಾದ್ದರಿಂದ ಎಲ್ಲರೂ ಸೊನ್ನೆಯನ್ನು ಗೂಟ ಬಡಿದಂತೆ ಒತ್ತುತ್ತಿದ್ದರು. ಎರಡು ಸಲ, ಮೂರು ಸಲ ಒತ್ತಿ ನೋಡಿ, ಕಡೆಗೆ ಒಂಬತ್ತಕ್ಕೆ ಬಂದರು.

"ಖುರ್ಷಿದಕ್ಕ, ಫೋನಿಗಿ ನೆಗಡಿ ಬಂದದೇನು? ಬರೇ ಗೊಂಯ್ ಅಂತದ."

"ಬಂದ್ ಮಾಡ್ಯಾರ ಅಣ್ಣ."

"ಯಾರು?"

ಖುರ್ಷಿದ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ನಿಂದೇನ್ ತಪ್ಪು ಬಿಡು. ಖರೇ ಅಂದ್ರ... ನನ್ನ ಹೆಣ್ತಿ ಬುತ್ತಿ ಮುಂದಿಟ್ಕೊಂಡು ಕುಂತಿರ್ತಾಳ. ಹುಚ್ಚಿ ಅದು. ಸಂಜೀತನ ಹಂಗೇ ಕುಂಡ್ರತದ."

"ನಾ ಹೇಳ್ತೇನಿ. ನಂಬರ್ ಹೇಳು."

ಅಂದಿನಿಂದ ಹದಿನೆಂಟು ದಿನ, ಸಾಹೇಬರೆಲ್ಲ ಊಟಕ್ಕೆ ಎದ್ದ ಹೊತ್ತಿಗೆ, ಖುರ್ಷಿದ ತನ್ನ ಫೋನಿನಿಂದ ಇಜೇರಿಗೆ ಒತ್ತುತ್ತಿದ್ದಳು. "ಮಧುಮತಿ, ಉಂಡಾನವ್ವ ನಿನ್ನ ಗಂಡ. ನೀ ಉಣ್ಣು." ಆ ಕಡೆಯಿಂದ ನಗು. "ನೀ ಉಂಡ್ಯಾ ಅಕ್ಕ?" ಎಂದು ಆ ಕಡೆಯವಳು ಕೇಳುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ತೊಗರಿ ಕೊಯ್ಲು ಮುಗಿದ ಮೇಲೆ ಒಂದು ಗಂಟು ಹಸಿ ತೊಗರಿಕಾಯಿ ಕಳಿಸುತ್ತೇನೆ ಎಂದು ಮಧುಮತಿ ಒಮ್ಮೆ ಹೇಳಿದ್ದಳು. ಕೊಯ್ಲು ಮುಗಿದ ಮೇಲೆ ಹಸಿಕಾಯಿ ಎಲ್ಲಿಂದ ತರ್ತಿ ಎಂದು ಖುರ್ಷಿದ ನಗಾಡಿದ್ದಳು.

*

ಹೊಸ ಬಾಯ್ಲರಿನ ಪೂಜೆಗೆ ಮಾಲೀಕರು ಬರುವ ದಿನ, ಮುಂಜಾನೆಯೇ ಸಾಹೇಬ ಖೋಲಿಗೆ ಬಂದ.

"ಏಳು. ಚೊಲೊ ಬಟ್ಟಿ ಹಾಕ್ಕೊಂಡು ಬಂದಿ, ಲೇಸಾಯ್ತು. ಪೆಂಡಾಲಿನ ಬಾಗಲದಾಗ ಗುಲಾಬದಾನಿ ಹಿಡ್ಕೊಂಡು ನಿಂದ್ರು. ಬಂದವರಿಗಿ ಪನ್ನೀರ್ ಹೊಡಿ."

"ಫೋನ್ ಯಾರ್ ನೋಡ್ತಾರ್ರಿ?"

"ಎಲ್ಲಾರೂ ಪೂಜಾದಾಗ ಇದ್ರ ಫೋನ್ ಯಾವ ಭಾಡ್ಯಾ ಹೊಡೀತಾನ? ಗುಲಾಬದಾನಿ ನಿಮ್ಮ ಮಂದಿ ಕೈಯಾಗ ಚೊಲೊ ಕಾಣ್ತದ, ಹೋಗು."

ಆ ದಿನ ಇನ್ನೊಂದು ಆಜ್ಞೆಯೂ ಹೊರಟಿತ್ತು. ಊಟದ ಪಂಗತಿಗೆ ನಾತ ಬರಬಾರದು. ಹನ್ನೆರಡೂವರೆಯೊಳಗೆ ಕೊಳೆನೀರಿನ ತೊಟ್ಟಿಯ ತಳದ ರಾಡಿ ಎತ್ತಿಸಬೇಕು. ತೊಟ್ಟಿಗೆ ಇಳಿಯುವವರು ಯಾರು ಎಂಬ ಪ್ರಶ್ನೆ ಆ ಕಾರ್ಖಾನೆಯಲ್ಲಿ ಯಾವತ್ತೂ ಎದ್ದಿರಲಿಲ್ಲ. ಕೇರಿಯಿಂದ ಬಂದವರೇ ಇಳಿಯುತ್ತಿದ್ದರು. ದಶರಥ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಹಗ್ಗದ ಇನ್ನೊಂದು ತುದಿಗೆ ದೇವೀಂದ್ರಪ್ಪ, ಬಕೆಟ್ಟಿಗೆ ವೆಲ್ಡಿಂಗ್ ಕೈಯಾಳು ಮಸೂದ.

ಪೆಂಡಾಲು ಆಫೀಸಿಗೆ ಅಂಟಿಯೇ ಇತ್ತು. ಗಂಟೆ ಬಾರಿಸುತ್ತಿತ್ತು. ಐನೋರು ಮಂತ್ರ ಹೇಳುತ್ತಿದ್ದರು. ಟೈಮ್ ಆಫೀಸಿನ ಗುರುಲಿಂಗ ತಟ್ಟೆ ತುಂಬ ತೆಂಗಿನಕಾಯಿ ಹೊತ್ತು ಮಾಲೀಕರ ಹಿಂದೆ ನಿಂತಿದ್ದ. ಖುರ್ಷಿದ ಬಂದವರ ಅಂಗೈಗೆ ಪನ್ನೀರು ಚಿಮುಕಿಸುತ್ತಿದ್ದಳು. ಆಗ ಗದ್ದಲದ ನಡುವೆ ಅವಳಿಗೆ ತನ್ನ ಖೋಲಿಯ ಕಿಟಕಿಯಿಂದ ಒಂಬತ್ತು ಬಡಿಯುವುದು ಕೇಳಿಸಿತು.

ಹದಿನಾಲ್ಕು ಸಲ ಬಡಿದು ನಿಂತಿತು.

ಅವಳು ಸಾಹೇಬನ ಕಡೆ ನೋಡಿದಳು. ಸಾಹೇಬ ಕಣ್ಣಿನಿಂದಲೇ 'ಹಂದಾಡಬ್ಯಾಡ' ಎಂದ. ಅವಳು ಹಂದಾಡಲಿಲ್ಲ. ಯಾರೋ ಹೆಂಗಸು ಕೈ ಚಾಚಿದಳು, ಪನ್ನೀರು ಹಾಕಿದಳು. ಇನ್ನಾರೋ ಚಾಚಿದರು, ಹಾಕಿದಳು.

ಮತ್ತೆ ಬಡಿಯತೊಡಗಿತು. ಸುಮ್ಮನೆ ಮಾಡಿದ ಫೋನು ಬಡಿಯುವ ರೀತಿ ಬೇರೆ ಎಂದು ಖುರ್ಷಿದಳ ನಂಬಿಕೆ. ಇದು ಆ ರೀತಿಯದಲ್ಲ. ಅವಳು ಗುಲಾಬದಾನಿಯನ್ನು ಮಾಲೀಕರ ಕಾರಿನ ಬಾನೆಟ್ಟಿನ ಮೇಲೆ ಇಟ್ಟು ಓಡಿದಳು.

ಖೋಲಿಯೊಳಗೆ ಪ್ರಿಂಟರು ಕಾಗದ ಉಗುಳಿ ಉಗುಳಿ ನೆಲದ ಮೇಲೆ ರಾಶಿ ಹಾಕಿತ್ತು. ಮೂವತ್ತೇಳು, ಮೂವತ್ತೇಳು, ಮೂವತ್ತೇಳು.

"ಆಪಾ!" ಮಸೂದನ ದನಿ ದನಿಯಾಗಿರಲಿಲ್ಲ. "ದಶರಥಣ್ಣ ಒಳಗ ಬಿದ್ದಾನ. ಮಾತಿಲ್ಲ ಕತಿಯಿಲ್ಲ. ಎಳಿಯಾಕ ಹೋದ್ರ ಹಗ್ಗ ಪೈಪಿಗಿ ಸಿಕ್ಕೊಂಡದ. ದೇವೀಂದ್ರಣ್ಣ ಬಿಡಸ್ತೇನಂತ ಇಳದ, ಅವನೂ ಮ್ಯಾಲ ಬರವಲ್ಲ. ನೂರಾ ಎಂಟು ಹೋಗವಲ್ದು, ಇಪ್ಪತ್ತು ಎತ್ತವಲ್ರು, ನೀನೂ ಎತ್ತವಲ್ಲಿ. ಯಾ ಅಲ್ಲಾ, ಏನ್ ಮಾಡ್ಲಿ, ನಾ ಇಳೀಲೇನು?"

"ಇಳೀಬ್ಯಾಡ! ಮಸೂದ, ನನ್ನ ಆಣಿ, ಇಳೀಬ್ಯಾಡ! ಒಳಗ ವಿಷದ ಗಾಳಿ ಅದ!"

ಒಂದು ಕೈಯಲ್ಲಿ ಅವನ ಕರೆ ಹಿಡಿದುಕೊಂಡೇ ಇನ್ನೊಂದು ಲೈನಿನಲ್ಲಿ ಅವಳು ನೂರಾ ಎಂಟು ಒತ್ತಿದಳು. ಅವಳ ಫೋನು ಒಂದನೇ ದರ್ಜೆಯದು. ಒಂದೇ ಸಲಕ್ಕೆ ಹೋಯಿತು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಇಪ್ಪತ್ನಾಲ್ಕು.

ಅಫಜಲಪುರದಿಂದ ಆಂಬುಲೆನ್ಸ್ ಬರುವ ಹೊತ್ತಿಗೆ, ಕಬ್ಬಿನ ಟ್ರ್ಯಾಕ್ಟರಿನವರು ಮುಖಕ್ಕೆ ಒದ್ದೆ ಬಟ್ಟೆ ಸುತ್ತಿಕೊಂಡು, ಕೊಕ್ಕೆಯ ಗಳ ಇಳಿಸಿ ಇಬ್ಬರನ್ನೂ ಮೇಲಕ್ಕೆಳೆದಿದ್ದರು. ದೇವೀಂದ್ರಪ್ಪನಿಗೆ ಉಸಿರಿತ್ತು. ದಶರಥನ ಬಾಯಿ ಮೂಗಿನೊಳಗೆ ಕರಿ ರಾಡಿ ತುಂಬಿತ್ತು. ಗಾಡಿಯ ಜೊತೆ ಬಂದ ನರ್ಸ್ ಹುಡುಗ ಎದೆ ಒತ್ತಿ ಒತ್ತಿ ಸೋತು, ಬೆವರು ಒರೆಸಿಕೊಂಡು ಕೇಳಿದ:

"ಬಿದ್ದು ಎಷ್ಟೊತ್ತಾಯ್ತು? ಫೋನ್ ಯಾವಾಗ ಹೊಡದ್ರಿ?"

ಪೆಂಡಾಲಿನಿಂದ ಜಾಂಗೀರು ಕರಿಯುವ ತುಪ್ಪದ ವಾಸನೆ ಬರುತ್ತಿತ್ತು.

*

ಮಾಲೀಕರ ಕಾರು ಹಿಂದಿನ ಗೇಟಿನಿಂದ ಹೋಯಿತು. ಸಿದ್ದರಾಮೇಶ ಸಾಹೇಬ ಖೋಲಿಗೆ ಬಂದು ಬಾಗಿಲು ಮುಂದೆ ಮಾಡಿದ. ಹಣೆಯ ಮೇಲೆ ಇನ್ನೂ ಕುಂಕುಮ ಅಕ್ಕಿ ಅಂಟಿತ್ತು. ದನಿ ಮೆತ್ತಗಾಗಿತ್ತು. ಆ ದನಿಯನ್ನು ಖುರ್ಷಿದ ಅದಕ್ಕೆ ಮುಂಚೆ ಕೇಳಿರಲಿಲ್ಲ.

"ನೋಡು ಖುರ್ಷಿದಾ. ಪೊಲೀಸ್ರು ಬರಾಕತ್ತಾರ. ಅವರ ಹಿಂದ ಬ್ಯಾರೆ ಆಫೀಸರ್ಸ್ ಬರ್ತಾರ. ಅದಕ್ಕಿಂತ ಮೊದಲ ಮೂವತ್ತೇಳರ ಬಂದ್ ತಗದುಬಿಡು. ಆ ಪಟ್ಟಿನೂ ಮೊದಲಿನಂಗ ತುಂಬು. ರಜಿಸ್ಟರದಾಗ ಬರಿ: ಆಂಬುಲೆನ್ಸ್ ನಂಬರ್ ಯಾವತ್ತೂ ಬಂದ್ ಇರಲಿಲ್ಲ, ಆಳುಗೋಳು ಗಾಬರಿದಾಗ ತಪ್ಪು ಒತ್ತ್ಯಾರ."

"ತಪ್ಪು ಒತ್ತ್ಯಾರಂತ?"

"ಆ ಮಂದಿ ಎಲ್ಲಾದಕ್ಕೂ ಸೊನ್ನಿ ಒತ್ತತಾರ. ನೂರಾ ಎಂಟಕ್ಕ ಸೊನ್ನಿ ಒತ್ತಬಾರ್ದು. ಒತ್ತಿದ್ರ ಹೋಗಲ್ಲ. ಅಷ್ಟ. ಓದು ಬರಹ ಇಲ್ಲದ ಮಂದಿ, ಯಾರರೆ ನಂಬ್ತಾರ. ಈ ಕಾಗದ ಇಲ್ಲಿ ಕೊಡು."

ಖುರ್ಷಿದ ಕೆಳಗೆ ನೋಡಿದಳು. ರಾಶಿ ಬಿದ್ದ ಕಾಗದದ ಮೇಲ್ಪದರದಲ್ಲೇ ಸಾಲುಗಳು ಕಾಣುತ್ತಿದ್ದವು. ಮಸೂದ ಸೊನ್ನೆ ಒತ್ತಿರಲಿಲ್ಲ. ಜೀವ ಬಾಯಿಗೆ ಬಂದ ಹೊತ್ತಿನಲ್ಲೂ ಸರಿಯಾಗಿಯೇ ಒತ್ತಿದ್ದ.

"ಸಾಹೇಬ್ರ, ಬಂದ್ ಮಾಡು ಅಂದಾವ್ರು ನೀವು."

"ನಾ ಬರದು ಕೊಟ್ಟೀನೇನು?" ಮೆತ್ತನೆಯ ದನಿ ಅಲ್ಲಿಗೇ ಮುಗಿಯಿತು. "ಬಟ್ಟು ಯಾರ್ದು? ಒತ್ತಿದಾಕಿ ಯಾರು? ಕೇಸ್ ಆದ್ರ ಮೊದಲ ನೀ ಒಳಗ ಹೋಗ್ತಿ. ಮೊಬೈಲ್ ಕಸ್ಕೊಂಡು ಪೆಟಿಗಿದಾಗ ಇಟ್ಟಾಂವ ನಿಮ್ಮಪ್ಪ, ಅವ ನಿನ್ನ ಹಿಂದ. ತಿಳಿತದೇನು? ನಾ ಉಳಸಾಕತ್ತೇನಿ ನಿಮ್ಮನ್ನ. ತಗಿ ಅಂದೆ, ಸೂಳಿ ಮಗಳ!"

ಹದಿನೆಂಟು ದಿನ ಅವಳು ಅದನ್ನೇ ಬೇಡಿಕೊಂಡಿದ್ದಳು. ಸಾಹೇಬ ಒಮ್ಮೆ 'ತಗಿ' ಎನ್ನಲಿ ಎಂದು. ಈಗ ಅಂದಿದ್ದ. ಅವಳು ಫೋನು ಎತ್ತಿ, ಗುಟ್ಟಿನ ನಾಲ್ಕು ಅಂಕಿ ಒತ್ತಿದಳು. ಡಬ್ಬಿ ಬಾಯಿ ಬಿಟ್ಟಿತು. ಸಾಹೇಬ ನಿಟ್ಟುಸಿರು ಬಿಟ್ಟು, ಬಾಗಿಲಾಚೆ ಯಾರೋ ಕರೆದರೆಂದು ಹೊಸ್ತಿಲು ದಾಟಿದ.

ಅವಳು ಎದ್ದು ಒಳಗಿನಿಂದ ಚಿಲಕ ಹಾಕಿದಳು. ಕುರ್ಚಿಯನ್ನು ಬಾಗಿಲಿಗೆ ಆನಿಸಿದಳು. ಮತ್ತೆ ಬಂದು, ನಿಂತುಕೊಂಡೇ, ಗುಟ್ಟಿನ ಹಳೆಯ ನಾಲ್ಕು ಅಂಕಿ ತೆಗೆದು ಹೊಸ ನಾಲ್ಕು ಅಂಕಿ ಹಾಕಿದಳು. ಅವು ಯಾವುವು ಎಂದು ಅವಳು ಕ್ಯಾಲೆಂಡರಿನ ಬೆನ್ನಿಗೂ ಬರೆಯಲಿಲ್ಲ. ಟುಂಯ್.

"ಯಾಕಬೇ ಚಿಲಕ ಹಾಕಿದಿ?" ಬಾಗಿಲು ದಡದಡ ಎಂದಿತು.

"ತಗಿಯಂಗಿಲ್ರಿ ಸಾಹೇಬ್ರ," ಎಂದಳು ಖುರ್ಷಿದ. "ಅವತ್ತ ಮುಚ್ಚಬಾರ್ದಿತ್ತು. ಇವತ್ತ ತಗಿಯಬಾರ್ದು. ಬಂದಾವ್ರು ಬಂದು ಮೂವತ್ತೇಳು ಎತ್ತಿ ನೋಡ್ಲಿ. ಅವರ ಕಿವಿಗೂ ಗೊಂಯ್ ಅನ್ಲಿ."

"ಡಬ್ಬಿ ಒಡದು ಹಾಕ್ತೇನಿ!"

"ಒಡೀರಿ. ಯಾಕ ಒಡದ್ರಿ ಅಂತ ಕೇಳ್ತಾರಲ್ಲ, ಅದನ್ನೂ ಬರದು ಇಟ್ಕೊಳ್ರಿ."

ಕಿಟಕಿಯ ಸರಳಿನಾಚೆ ಮಸೂದ ನಿಂತಿದ್ದ. ಮೊಣಕೈತನಕ ರಾಡಿ ಹತ್ತಿ ಒಣಗುತ್ತಿತ್ತು. ಅವನ ಹಿಂದೆ ಸುಟ್ಟ ಕಾಲಿಗೆ ಬಟ್ಟೆ ಸುತ್ತಿಕೊಂಡ ರುಕ್ಮಿಣಿಬಾಯಿ, ಅವಳ ಹಿಂದೆ ತೊಟ್ಟಿಯ ಕಡೆಯವರು, ಟ್ರ್ಯಾಕ್ಟರಿನವರು.

ಖುರ್ಷಿದಳಿಗೆ ಇನ್ನೊಂದು ಕೆಲಸವೂ ಇತ್ತು. ಕಬ್ಬಿನ ಗಾಡಿಗಳನ್ನು ಟೋಕನ್ ನಂಬರಿನಿಂದ ಕರೆಯುವುದು. ಫೋನಿನಲ್ಲಿ ಐವತ್ತು ಒತ್ತಿದರೆ ಅವಳ ದನಿ ಅಂಗಳದ ನಾಲ್ಕೂ ಕಂಬದ ಕಹಳೆಗಳಲ್ಲಿ ಮೊಳಗುತ್ತಿತ್ತು. 'ಇನ್ನೂರಾ ಹದಿನಾಲ್ಕು, ಕಾಟಾದ ಕಡೆ ಬರ್ರಿ.' ಗೇಟಿನಾಚೆ ಹೆದ್ದಾರಿಯಗುಂಟ ಒಂದು ಮೈಲು ನಿಂತ ಟ್ರ್ಯಾಕ್ಟರಿನವರಿಗೂ ಆ ದನಿ ಗೊತ್ತಿತ್ತು.

ಅವಳು ಐವತ್ತು ಒತ್ತಿದಳು. ಕಾಗದದ ತುದಿ ಹುಡುಕಿ ಕೈಗೆ ತೆಗೆದುಕೊಂಡಳು. ದಿನವೂ ಗಾಡಿ ಕರೆಯುವ ಅದೇ ದನಿಯಲ್ಲಿ ಓದಿದಳು.

"ಮೂವತ್ತೇಳು. ಹನ್ನೆರಡು ಗಂಟಿ ಹನ್ನೊಂದು ನಿಮಿಷ. ನೂರಾ ಎಂಟು. ಬಂದ್.

"ಮೂವತ್ತೇಳು. ಹನ್ನೆರಡು ಹನ್ನೊಂದು. ನೂರಾ ಎಂಟು. ಬಂದ್.

"ಮೂವತ್ತೇಳು. ಹನ್ನೆರಡು ಹನ್ನೆರಡು. ಇಪ್ಪತ್ತು, ಟೈಮ್ ಆಫೀಸ್. ಯಾರೂ ಎತ್ತಿಲ್ಲ."

ಓದಿದಷ್ಟು ಕಾಗದವನ್ನು ಸರಳಿನಿಂದ ಹೊರಗೆ ಬಿಡುತ್ತ ಹೋದಳು. ಮಸೂದ ಹಿಡಿದ, ರುಕ್ಮಿಣಿಬಾಯಿಗೆ ದಾಟಿಸಿದ, ಅವಳು ಇನ್ನೊಬ್ಬರಿಗೆ ದಾಟಿಸಿದಳು. ಬಾಗಿಲಿಗೆ ಒದೆ ಬೀಳುತ್ತಿತ್ತು. ಕುರ್ಚಿ ಗೇಣು ಗೇಣಾಗಿ ಸರಿಯುತ್ತಿತ್ತು.

"ಮೂವತ್ತೇಳು. ಹನ್ನೆರಡು ಹದಿನೇಳು. ನೂರಾ ಎಂಟು. ಬಂದ್.

"ಮೂವತ್ತೇಳು. ಹನ್ನೆರಡು ಹತ್ತೊಂಬತ್ತು. ಒಂಬತ್ತು, ಆಪರೇಟರ್. ಎತ್ತಿಲ್ಲ. ಆಪರೇಟರ್ ನಾ. ಖುರ್ಷಿದ, ಮಣ್ಣೂರ ಹಸನಸಾಬನ ಮಗಳು. ಪನ್ನೀರ್ ಹೊಡಿಯಾಕ ಹೋಗಿದ್ದೆ. ಮೂವತ್ತೇಳು ಬಂದ್ ಮಾಡಿದ ಬಟ್ಟು ನಂದು. ಮಾಡು ಅಂದ ಬಾಯಿ ಸಿದ್ದರಾಮೇಶ ಸಾಹೇಬ್ರದು."

ಆಗ ಮಂದಿ ಸರಿದು ದಾರಿ ಬಿಟ್ಟರು. ಗೇಟಿನ ಕಡೆಯಿಂದ ಹಸನಸಾಬ ಬರುತ್ತಿದ್ದ. ತಲೆಯ ಮೇಲಿನ ಟವೆಲು ಎಲ್ಲಿಯೋ ಬಿದ್ದಿತ್ತು. ಎರಡೂ ಕೈಯಲ್ಲಿ, ಬಿಸಿ ಪಾತ್ರೆ ಹಿಡಿದವನ ಹಾಗೆ, ಒಂದು ಮೊಬೈಲು ಹಿಡಿದಿದ್ದ. ಅದಕ್ಕೆ ಅವನೇ ದಾರದಿಂದ ಕಟ್ಟಿದ ಚೀಟಿ ತೂಗಾಡುತ್ತಿತ್ತು. ಮೊಬೈಲು ಬಡಿಯುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಒಂದೂ ಹತ್ತು. ಇಜೇರಿಗೆ ಇವತ್ತು ಒಂದು ಗಂಟೆಯ ಫೋನು ಹೋಗಿರಲಿಲ್ಲ.

"ಬಂದಚ್ ನೈ ಹೋರಾ ಬೇಟಿ," ಎಂದ ಹಸನಸಾಬ. ನಿಲ್ಲುತ್ತಲೇ ಇಲ್ಲ ಇದು. "ಕ್ಯಾ ಬೋಲೂಂ ಮೈ? ಏನ್ ಹೇಳ್ಲಿ ನಾ ಆ ಹುಡುಗಿಗಿ?"

ಸರಳಿನ ಸಂದಿಯಿಂದ ಮೊಬೈಲು ಒಳಗೆ ಬಂತು. ಖುರ್ಷಿದ ಅದನ್ನು ಇಸಿದುಕೊಂಡಳು. ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಹೋಗಿ ನಿಂತಿತು. ಒತ್ತಲಾಗಲಿಲ್ಲ. ಅವಳು ಅದನ್ನು ಫೋನಿನ ಬಾಯಿಯ ಪಕ್ಕ, ಮೇಜಿನ ಮೇಲೆ ಇಟ್ಟಳು.

ನಾಲ್ಕೂ ಕಂಬದ ಕಹಳೆಗಳಲ್ಲಿ ದಶರಥನ ಮೊಬೈಲು ಬಡಿಯತೊಡಗಿತು. ಅಂಗಳದಲ್ಲಿ, ಕಾಟಾದ ಮುಂದೆ, ಖಾಲಿ ಪಂಗತಿಯ ಎಲೆಗಳ ಮೇಲೆ, ಗೇಟಿನಾಚೆ ಹೆದ್ದಾರಿಯಗುಂಟ ನಿಂತ ಕಬ್ಬಿನ ಗಾಡಿಗಳ ಮೇಲೆ ಅದು ಬಡಿಯಿತು. ಎತ್ತುಗಳು ಕಿವಿ ನಿಮಿರಿಸಿದವು. ಒಬ್ಬೊಬ್ಬರಾಗಿ ಟ್ರ್ಯಾಕ್ಟರಿನವರು ಎಂಜಿನ್ ಆರಿಸಿದರು. ಒಮ್ಮೆ ನಿಂತಿತು. ಬಾಗಿಲ ಚಿಲಕದ ಮೊಳೆ ಒಂದು ಕಿತ್ತು ನೆಲಕ್ಕೆ ಬಿದ್ದದ್ದು ಆ ಮೌನದಲ್ಲಿ ಊರಿಗೆಲ್ಲ ಕೇಳಿಸಿತು.

ಮತ್ತೆ ಬಡಿಯತೊಡಗಿತು.